‘ಬೆಡ್ ಸೋರ್’ ಅಲ್ಲ, ಒತ್ತುಗಾಯ

ಅಡಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಕೇಸ್ ಶೀಟಿನಲ್ಲಿ ಮೂರನೇ ದಿನಕ್ಕೇ ‘ಬೆಡ್ ಸೋರ್’ ಎಂದು ಬರೆದಿರುತ್ತದೆ. ಕನ್ನಡದ ಕರಪತ್ರಗಳು ಅದನ್ನು ‘ಹಾಸಿಗೆ ಹುಣ್ಣು’ ಮಾಡುತ್ತವೆ. ಮೂರೇ ದಿನಕ್ಕೆ ಹಾಸಿಗೆ ಅಂಥದ್ದೇನು ಮಾಡಿತು ಪಾಪ? ರೋಗಿ ಮೊದಲು ಮಲಗಿದ್ದು ಹಾಸಿಗೆಯ ಮೇಲಲ್ಲ, ಗಾಯಾಳುವನ್ನು ಕಟ್ಟಿ ಎತ್ತಿ ತರುವ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆ, ಸ್ಪೈನ್ ಬೋರ್ಡಿನ ಮೇಲೆ. ಒಳಗಿನ ಮಾಂಸ ಅಲ್ಲೇ ನಜ್ಜಾಗಿ, ಚರ್ಮ ನೇರಳೆಗಟ್ಟುವುದು ಎರಡು ಮೂರು ದಿನ ಕಳೆದ ಮೇಲೆ. ಅಷ್ಟರಲ್ಲಿ ಆತ ವಾರ್ಡಿನಲ್ಲಿರುತ್ತಾನೆ, ಬೈಗುಳ ನರ್ಸಿಗೆ ಬೀಳುತ್ತದೆ.

ಈ ತಪ್ಪು ಹಳೆಯದು. ‘ಡೆಕ್ಯುಬಿಟಸ್’ ಎಂಬ ವೈದ್ಯಕೀಯ ಪದ ಲ್ಯಾಟಿನ್ನಿನ ‘ಮಲಗು’ ಎಂಬ ಕ್ರಿಯಾಪದದಿಂದ ಬಂದದ್ದು. ಗಾಲಿಕುರ್ಚಿಯಲ್ಲಿ ಕೂತವರಿಗೂ, ಕುತ್ತಿಗೆ ಅಲುಗದಂತೆ ಕಾಲರ್ ಹಾಕಿದವರ ಗದ್ದಕ್ಕೂ ಇದೇ ಗಾಯ ಆಗುತ್ತದೆ. ಮಲಗಿದರಷ್ಟೇ ಆಗುವಂಥದ್ದಲ್ಲ ಅದು. ‘ಹುಣ್ಣು’ ಕೂಡ ಸರಿಯಲ್ಲ. ಹುಣ್ಣೆಂದರೆ ಬಾಯಿ ಬಿಟ್ಟಿರಬೇಕು, ಇದರ ಮೊದಲ ಹಂತದಲ್ಲಿ ಚರ್ಮ ಒಡೆದೇ ಇರುವುದಿಲ್ಲ. ಅಮೆರಿಕದ ನ್ಯಾಷನಲ್ ಪ್ರೆಷರ್ ಅಲ್ಸರ್ ಅಡ್ವೈಸರಿ ಪ್ಯಾನೆಲ್ 2016ರಲ್ಲಿ ‘ಅಲ್ಸರ್’ ಬಿಟ್ಟು ‘ಪ್ರೆಷರ್ ಇಂಜುರಿ’ ಎಂದದ್ದು ಇದಕ್ಕೇ. 2019ರಲ್ಲಿ ತನ್ನ ಹೆಸರಿನಲ್ಲಿದ್ದ ‘ಅಲ್ಸರ್’ ಅನ್ನೂ ತೆಗೆದುಹಾಕಿತು.

‘ಪ್ರೆಷರ್ ಇಂಜುರಿ’ಯನ್ನು ನಾವು ‘ಒತ್ತಡದ ಗಾಯ’ ಮಾಡಿಕೊಂಡೆವು. ಈಗ ‘ಒತ್ತಡ’ ಎಂದರೆ ಜನರಿಗೆ ಹೊಳೆಯುವುದು ಬಿಪಿ, ಇಲ್ಲವೇ ಆಫೀಸಿನ ಟೆನ್ಷನ್. ‘ಒತ್ತು’ ಎಂಬ ಬೇರು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ: ಒತ್ತು ಶ್ಯಾವಿಗೆ, ಒತ್ತಕ್ಷರ, ಪಕ್ಕದವನ ಜಮೀನಿಗೆ ನುಗ್ಗುವ ಒತ್ತುವರಿ. ಹೊಸ ಚಪ್ಪಲಿ ಉಜ್ಜಿ ಬೊಬ್ಬೆ ಎದ್ದರೆ ‘ಕಚ್ಚಿತು’ ಅನ್ನುತ್ತೇವೆ, ಬಿಗಿಯಾಗಿ ನೋಯಿಸಿದರೆ ‘ಒತ್ತುತ್ತಿದೆ’ ಅನ್ನುತ್ತೇವೆ. ಉಜ್ಜುವುದು ಬೇರೆ, ಅದುಮುವುದು ಬೇರೆ ಎಂದು ಚಪ್ಪಲಿ ವಿಷಯದಲ್ಲಿ ತಿಳಿದ ಭಾಷೆಗೆ ಬೆನ್ನಿನ ವಿಷಯದಲ್ಲೂ ತಿಳಿಯಬೇಕು. ‘ಒತ್ತುಗಾಯ’ ಎಂದರೆ ಮುಗಿಯಿತು: ಎಲುಬಿಗೂ ಗಟ್ಟಿ ವಸ್ತುವಿಗೂ ನಡುವೆ ಸಿಕ್ಕಿ, ರಕ್ತ ಹರಿಯದೆ ಸತ್ತ ಮಾಂಸ.

ಸೂಕ್ಷ್ಮ ರಕ್ತನಾಳ ಮುಚ್ಚಲು ಸುಮಾರು 32 ಮಿ.ಮೀ. ಪಾದರಸದಷ್ಟು ಒತ್ತು ಸಾಕು ಎಂಬುದು ಹಳೆಯ ಲೆಕ್ಕ. 1994ರ ಒಂದು ಅಳತೆಯಲ್ಲಿ ಬರಿಯ ಬೋರ್ಡಿನ ಮೇಲೆ ಸೊಂಟದ ಕೆಳಗಿನ ತ್ರಿಕಾಸ್ಥಿಗೆ ಬಿದ್ದ ಒತ್ತು 147ರ ಆಸುಪಾಸು, ಗಾಳಿ ಹೀರಿದಾಗ ಮೈಯ ಆಕಾರಕ್ಕೆ ಗಟ್ಟಿಯಾಗುವ ವ್ಯಾಕ್ಯೂಮ್ ಮ್ಯಾಟ್ರೆಸ್ ಮೇಲೆ 37. ಆರೋಗ್ಯವಂತರನ್ನು ಬೋರ್ಡಿಗೆ ಕಟ್ಟಿ ಅರ್ಧ ಗಂಟೆ ಮಲಗಿಸಿ ನೋಡಿದ ಪರೀಕ್ಷೆಯಲ್ಲಿ ನೋವಿಲ್ಲದೆ ಎದ್ದವರು ಒಬ್ಬರೂ ಇರಲಿಲ್ಲ. ಬೆನ್ನುಹುರಿ ಪೆಟ್ಟಾದವರ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಹಲವರಿಗೆ ಪೆಟ್ಟಿನ ಕೆಳಗೆ ಸ್ಪರ್ಶವಿಲ್ಲ, ನೋವು ಗೊತ್ತಾಗುವುದಿಲ್ಲ, ಹೊರಳಲಾಗದು. ಬಿಪಿಯೂ ಇಳಿದಿದ್ದರೆ ರಕ್ತನಾಳ ಇನ್ನೂ ಬೇಗ ಮುಚ್ಚುತ್ತದೆ. ‘ಏನೂ ನೋವಿಲ್ಲವಂತೆ’ ಎಂದು ಸಮಾಧಾನಪಟ್ಟುಕೊಳ್ಳುವುದು ಮೂರ್ಖತನ.

ಬೋರ್ಡ್ ಇರುವುದು ಗಾಯಾಳುವನ್ನು ಸ್ಥಳದಿಂದ ಎತ್ತಿ ತರಲು, ಊರೂರು ಸುತ್ತಿಸಲು ಅಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವಷ್ಟು ಹೊತ್ತು ಬರಿ ಬೋರ್ಡಿನ ಮೇಲಿಟ್ಟರೆ, ಪ್ರತಿ ತಿರುವಿನಲ್ಲೂ ಮೈ ಜಾರಿ ಚರ್ಮ ಒಂದು ಕಡೆ, ಎಲುಬು ಒಂದು ಕಡೆ ಎಳೆಯುತ್ತದೆ. ಅಂಬುಲೆನ್ಸಿನ ಮೆತ್ತೆಯ ಮೇಲೆ ಬೆನ್ನು ನೇರವಾಗಿಟ್ಟು ಬೆಲ್ಟ್ ಬಿಗಿದರೂ ಸಾಕು ಎಂದು ಅಮೆರಿಕದ ಸರ್ಜನ್, ತುರ್ತುವೈದ್ಯ ಮತ್ತು ಅಂಬುಲೆನ್ಸ್ ವೈದ್ಯರ ಸಂಘಗಳು 2018ರಲ್ಲಿ ಒಟ್ಟಾಗಿ ಹೇಳಿವೆ. ಬೋರ್ಡಿನಿಂದ ಇಳಿಸಲು ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿ ಎರಡೂ ಬದಿಯಿಂದ ಮೈಯಡಿ ಸೇರಿಸುವ ಸ್ಕೂಪ್ ಸ್ಟ್ರೆಚರ್, ಅಥವಾ ತಲೆ ಹಿಡಿದವರ ಎಣಿಕೆಗೆ ಎಲ್ಲರೂ ಒಟ್ಟಿಗೆ ಹೊರಳಿಸುವ ಲಾಗ್ ರೋಲ್. ಸೊಂಟದ ಮೂಳೆ ಮುರಿದ ಅನುಮಾನವಿದ್ದರೆ ಸ್ಕೂಪೇ ಸರಿ.

ಬೋರ್ಡ್ ಅನಿವಾರ್ಯವಾದರೆ ಕಟ್ಟುವ ಮೊದಲು ಹಿಂದಿನ ಜೇಬು ಖಾಲಿ ಮಾಡಿ: ಮೊಬೈಲು, ಬೀಗದ ಕೈ, ಪರ್ಸು. ಉಡಿದಾರದ ತಾಯಿತ, ತುರುಬಿನ ಪಿನ್ನು, ಅಡಕೆ ಕೊಯ್ಯುವ ಕೊನೆಗಾರನ ಸೊಂಟಕ್ಕೆ ಕಟ್ಟಿದ ಕತ್ತಿಯ ಕೊಕ್ಕೆ, ಇವನ್ನು ಯಾರೂ ನೋಡುವುದಿಲ್ಲ. ಒದ್ದೆ ಬಟ್ಟೆ ಕತ್ತರಿಸಿ ತೆಗೆಯಿರಿ, ನೆನೆದ ಚರ್ಮ ಬೇಗ ಸುಲಿಯುತ್ತದೆ. ದೊಡ್ಡವರ ಹಿಂದಲೆಗೆ ಸುಮಾರು ಎರಡು ಸೆಂ.ಮೀ. ಮಡಿಸಿದ ಟವೆಲ್, ಎಳೆ ಮಕ್ಕಳಿಗೆ ತಲೆ ದೊಡ್ಡದು, ಅವರಿಗೆ ಮೆತ್ತೆ ಬೇಕಾದ್ದು ಹೆಗಲು ಬೆನ್ನಿನ ಕೆಳಗೆ. ಗೂನು ಬೆನ್ನಿನ ಹಿರಿಯರನ್ನು ಬೋರ್ಡಿಗೆ ತಕ್ಕಂತೆ ಚಪ್ಪಟೆ ಮಾಡಬೇಡಿ, ಅವರ ಬಾಗಿಗೆ ತಕ್ಕಂತೆ ತುಂಬಿಸಿ. ಹಿಮ್ಮಡಿ ಬೋರ್ಡಿಗೆ ತಾಗದಂತೆ ಮೀನಖಂಡದ ಕೆಳಗೆ ಬಟ್ಟೆ ಇಡಿ. ಮಂಡಿಯ ಹಿಂದೆ ಮಾತ್ರ ಒತ್ತಬೇಡಿ, ಅಲ್ಲಿ ರಕ್ತನಾಳವಿದೆ. ಮೆತ್ತೆ ಇಟ್ಟ ಮೇಲೆ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಕಾಲರಿನ ಅಳತೆ ತಪ್ಪಿದರೆ ಗದ್ದ, ದವಡೆ, ಕೊರಳೆಲುಬು, ಹಿಂದಲೆ ನಾಲ್ಕೂ ಸವೆಯುತ್ತವೆ. ಸರ, ಓಲೆ ತೆಗೆಯಿರಿ. ತಾಳಿ ತೆಗೆಯಲು ಮನೆಯವರು ಒಪ್ಪದಿದ್ದರೆ ಜಗಳ ಬೇಡ, ಕಾಲರಿನ ಮೇಲೆ ಎಳೆದಿಟ್ಟರೆ ಆಯಿತು.

ಚರ್ಮ ನೋಡುವಾಗ ಬೆರಳಿನಿಂದ ಅದುಮಿ ಬಿಡಿ. ಕೆಂಪು ಬಿಳಿಯಾಗದೆ ಹಾಗೇ ಉಳಿದರೆ ಒತ್ತುಗಾಯ ಶುರುವಾಗಿದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಅಕ್ಕಪಕ್ಕಕ್ಕಿಂತ ಬಿಸಿ ಇದೆಯೇ, ಗಟ್ಟಿ ಇದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ನಜ್ಜಾದದ್ದನ್ನು ಇನ್ನಷ್ಟು ನಜ್ಜು ಮಾಡಿದಂತೆ. ರೆಫರಲ್ ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಬೋರ್ಡಿಗೆ ಹಾಕಿದ ಗಂಟೆ, ಇಳಿಸಿದ ಗಂಟೆ, ಹೊರಳಿಸಿದಾಗ ಕಂಡ ಚರ್ಮ.