ಸತ್ತ ಮಂಗನ ಸುತ್ತ ಐವತ್ತು ಅಡಿ

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಡಿಸೆಂಬರ್ ಕಳೆದ ಮೇಲೆ ಬರುವ ಸುದ್ದಿಗಳಲ್ಲಿ ಅತ್ಯಂತ ತುರ್ತಿನದು ಮಂಗ ಸತ್ತ ಸುದ್ದಿ. ಜ್ವರ ಬಂದ ಮನುಷ್ಯ ಒಂದು ದಿನ ತಡವಾಗಿ ಆಸ್ಪತ್ರೆಗೆ ಬಂದರೆ ಆ ಒಬ್ಬನಿಗೆ ತೊಂದರೆ. ಸತ್ತ ಮಂಗನ ಸುದ್ದಿ ತಡವಾಗಿ ಬಂದರೆ ಇಡೀ ಊರಿಗೆ ತೊಂದರೆ. ಆದ್ದರಿಂದಲೇ ಸುದ್ದಿ ತಿಳಿದ ಕೂಡಲೆ ಆರೋಗ್ಯ, ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳ ಸಿಬ್ಬಂದಿ ಸ್ಥಳಕ್ಕೆ ಹೋಗಬೇಕೆಂಬ ನಿಯಮವಿದೆ. ಪಶುವೈದ್ಯರು ರಕ್ಷಾ ಉಡುಪು ತೊಟ್ಟು ಮರಣೋತ್ತರ ಪರೀಕ್ಷೆ ಮಾಡಿ ಅಂಗಾಂಶದ ಮಾದರಿ ತೆಗೆಯುತ್ತಾರೆ, ಕಳೇಬರವನ್ನು ಸುಡುತ್ತಾರೆ, ಸುತ್ತಲಿನ 50 ಅಡಿ ನೆಲಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚಲಾಗುತ್ತದೆ. ನೋಡುವವರಿಗೆ ಇದು ಸರ್ಕಾರಿ ಶಾಸ್ತ್ರದಂತೆ ಕಾಣಬಹುದು. ಆದರೆ ಮಂಗನ ಕಾಯಿಲೆ ಎಂದು ಜನ ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆಯ ವಿಜ್ಞಾನವೆಲ್ಲ ಆ ಐವತ್ತು ಅಡಿಯೊಳಗೆ ಅಡಗಿದೆ.

ಈ ಕಾಯಿಲೆಯ ವೈರಸ್ಸನ್ನು ಮುಖ್ಯವಾಗಿ ಸಾಗಿಸುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಇದು ತನ್ನ ಆಯುಷ್ಯದಲ್ಲಿ ಮೂರೇ ಬಾರಿ ಊಟ ಮಾಡುತ್ತದೆ: ಆರು ಕಾಲಿನ ಲಾರ್ವಾ ಆಗಿದ್ದಾಗ ಒಮ್ಮೆ, ಎಂಟು ಕಾಲಿನ ಮರಿ ಉಣುಗಾಗಿದ್ದಾಗ ಒಮ್ಮೆ, ಬಲಿತ ಮೇಲೆ ಒಮ್ಮೆ. ಪ್ರತಿ ಊಟಕ್ಕೂ ಹೊಸ ಪ್ರಾಣಿಯನ್ನು ಹತ್ತಿ, ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಉದುರಿ, ತರಗೆಲೆಯ ಅಡಿಯಲ್ಲಿ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ. ಲಾರ್ವಾ ಇದ್ದಾಗ ಸೋಂಕಿತ ಪ್ರಾಣಿಯ ರಕ್ತದ ಜೊತೆಗೆ ಒಳಹೊಕ್ಕ ವೈರಸ್, ಪೊರೆ ಕಳಚಿದರೂ ಹೊರಹೋಗದೆ ಮರಿ ಉಣುಗಿನಲ್ಲಿ ಉಳಿಯುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಕಣ್ಣಿಗೆ ಬೀಳುವುದೇ ಕಷ್ಟವಾದ ಈ ಮರಿ ಉಣುಗು. ಬಲಿತದ್ದಕ್ಕೆ ದನಕರುಗಳಂಥ ದೊಡ್ಡ ಪ್ರಾಣಿಗಳೇ ಬೇಕು. ದನದ ರಕ್ತದಲ್ಲಿ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ, ಆದರೆ ಕಾಡಿನಲ್ಲಿ ಮೇಯುವ ದನಗಳು ಉಣುಗಿನ ಸಂತತಿಯನ್ನು ಧಾರಾಳವಾಗಿ ಸಾಕುತ್ತವೆ.

ಮಂಗ ಮತ್ತು ಮುಸಿಯಗಳ ರಕ್ತದಲ್ಲಾದರೋ ವೈರಸ್ ವಿಪರೀತವಾಗಿ ವೃದ್ಧಿಯಾಗುತ್ತದೆ. ಓಡಾಡುತ್ತಿರುವ ಮಂಗನ ಮೈಯಿಂದ ಉಣುಗುಗಳು, ಬಸ್ಸಿನ ಪ್ರಯಾಣಿಕರು ದಾರಿಯ ನಿಲ್ದಾಣಗಳಲ್ಲಿ ಒಬ್ಬೊಬ್ಬರಾಗಿ ಇಳಿಯುವಂತೆ, ಅಲ್ಲೊಂದು ಇಲ್ಲೊಂದು ಉದುರುತ್ತವೆ. ಮಂಗ ಸತ್ತಾಗ ಮಾತ್ರ ಬಸ್ಸು ಕೆಟ್ಟು ನಿಂತಂತೆ, ಎಲ್ಲರೂ ಒಂದೇ ಜಾಗದಲ್ಲಿ ಇಳಿದುಬಿಡುತ್ತಾರೆ. ತಣ್ಣಗಾಗುತ್ತಿರುವ ದೇಹದಲ್ಲಿ ಉಣುಗಿಗೆ ಕೆಲಸವಿಲ್ಲ. ಹೀಗೆ ಇಳಿದ ಲಾರ್ವಾಗಳು ಕೆಲವು ವಾರಗಳಲ್ಲಿ ಮರಿ ಉಣುಗುಗಳಾಗಿ, ಸೊಪ್ಪಿಗೋ ದರಗಿಗೋ ಆ ದಾರಿಯಲ್ಲಿ ಬರುವವರಿಗಾಗಿ ಕಾಯುತ್ತವೆ. ಪುಡಿ ಎರಚುವ ತಂಡಕ್ಕೆ ಸಿಗುವ ಅವಕಾಶ ಆ ಕೆಲವು ವಾರಗಳದ್ದು ಮಾತ್ರ. ಅದು ತಪ್ಪಿತೆಂದರೆ ಎಷ್ಟು ಚೀಲ ಮೆಲಾಥಿಯಾನ್ ತಂದರೂ ಇಡೀ ಕಾಡಿಗೆ ಎರಚಲಾಗದು.

ಇಷ್ಟು ತಿಳಿದ ಮೇಲೂ ಪ್ರತಿ ಬೇಸಿಗೆಯಲ್ಲಿ ಮಂಗಗಳನ್ನು ಹೊಡೆದೋಡಿಸಿದರೆ ಕಾಯಿಲೆ ತೊಲಗುತ್ತದೆ ಎಂಬ ಮಾತು ಕೇಳಿಬರುತ್ತದೆ. ಬೆದರಿದ ಮಂಗನ ಹಿಂಡು ಇನ್ನೊಂದು ಊರಿನ ಅಂಚಿಗೆ ಹೋದರೆ ಉಣುಗೂ ವೈರಸ್ಸೂ ಅದರ ಜೊತೆಗೇ ಹೋಗುತ್ತವೆ ಎನ್ನುವುದು ಯಾರಿಗೂ ಹೊಳೆಯದ ವಿಚಾರವೇನಲ್ಲ. ರೋಗಿಯ ಪಕ್ಕ ಕೂರಲು ಹೆದರುವವರೂ ಇದ್ದಾರೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡಿದ ದಾಖಲೆಯಿಲ್ಲ. ಹೆದರಬೇಕಾದದ್ದು ಬರಿಗೈಯಲ್ಲಿ ಸತ್ತ ಮಂಗನನ್ನು ಎಳೆದು ಹಾಕುವ ಉತ್ಸಾಹಿಗಳ ಬಗ್ಗೆ.

ಮಂಗಗಳ ಸಾವನ್ನು ಮುನ್ಸೂಚನೆಯಾಗಿ ಓದುವ ಈ ಕ್ರಮ ಹುಟ್ಟಿದ್ದೇ ಒಂದು ದೊಡ್ಡ ಗಾಬರಿಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಜನ ಜ್ವರದಿಂದ ಸಾಯತೊಡಗಿದಾಗ ಮೊದಲು ಟೈಫಾಯಿಡ್ ಇರಬಹುದೆಂದೇ ಭಾವಿಸಲಾಗಿತ್ತು. ಕಾಡಿನಲ್ಲಿ ಮಂಗಗಳೂ ಸಾಯುತ್ತಿವೆ ಎಂಬ ವರ್ತಮಾನ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ತಲುಪಿದಾಗ ಲೆಕ್ಕವೆಲ್ಲ ಬದಲಾಯಿತು. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ್ದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರದ ಲಕ್ಷಣ, ಏಷ್ಯಾದಲ್ಲಿ ಆ ಜ್ವರ ಎಂದೂ ಕಾಣಿಸಿಕೊಂಡಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಊರೂರಿನಲ್ಲೂ ಇತ್ತು. ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್ ನೇತೃತ್ವದ ತಂಡ ಸತ್ತ ಮಂಗಗಳಿಂದ ವೈರಸ್ ಬೇರ್ಪಡಿಸಿದಾಗ ಸಿಕ್ಕಿದ್ದು ಹಳದಿ ಜ್ವರದ್ದಲ್ಲ. ಉಣುಗುಗಳಿಂದ ಹರಡುವ ರಷ್ಯಾದ ಮಿದುಳುಜ್ವರದ ವೈರಸ್ಸಿನ ನೆಂಟ. ಹಿಮದ ನಾಡಿನ ನೆಂಟ ಮಲೆನಾಡಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಎಷ್ಟು ಕಾಡಿತೆಂದರೆ, ಸೈಬೀರಿಯಾದ ಕಡೆಯಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೇ ಎಂದು ಪರೀಕ್ಷಿಸಲು ಪಕ್ಷಿತಜ್ಞ ಸಲೀಂ ಅಲಿಯವರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಕೈಹಾಕಿದರು. ಅಪರಾಧ ಹಕ್ಕಿಗಳ ಮೇಲೆ ಸಾಬೀತಾಗಲಿಲ್ಲ. ರಷ್ಯಾದ ವೈರಸ್ಸಿನಿಂದ ಮಾಡಿದ ಲಸಿಕೆಯನ್ನೇ ಶಿವಮೊಗ್ಗದ ಜನರಿಗೆ ಕೊಟ್ಟು ನೋಡಿದ್ದೂ ಆಯಿತು. ನೆಂಟಸ್ತಿಕೆ ಅಷ್ಟು ಹತ್ತಿರದ್ದಾಗಿರಲಿಲ್ಲ, ಲಸಿಕೆ ಕಾಪಾಡಲಿಲ್ಲ.

ಇಂದು ಆರೋಗ್ಯ ಇಲಾಖೆ ಮಂಗ ಸಾಯುವವರೆಗೂ ಕಾದು ಕೂರಬೇಕಿಲ್ಲ. ಮಳೆ ನಿಂತ ಮೇಲೆ ಲಾರ್ವಾಗಳು, ಚಳಿಗಾಲದ ಹೊತ್ತಿಗೆ ಮರಿ ಉಣುಗುಗಳು ಎಂಬ ಕ್ರಮ ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕೀಟಶಾಸ್ತ್ರದ ಸಿಬ್ಬಂದಿ ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಕೋಲು ಕಟ್ಟಿ ಕಾಡಿನ ತರಗೆಲೆಯ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುತ್ತಾರೆ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾದಿರುವ ಉಣುಗು, ಸವರಿಕೊಂಡು ಹೋದ ಬಟ್ಟೆಯನ್ನೂ ಪ್ರಾಣಿಯೆಂದೇ ತಿಳಿದು ಹಿಡಿದುಕೊಳ್ಳುತ್ತದೆ. ಕೆಲವು ಹೆಜ್ಜೆಗೊಮ್ಮೆ ನಿಂತು, ಬಟ್ಟೆಯನ್ನು ಮಗುಚಿ, ಚಿಮುಟದಿಂದ ಒಂದೊಂದನ್ನೇ ಆರಿಸಿ ಸೀಸೆಗೆ ತುಂಬಿ, ಜಾತಿ ಮತ್ತು ಹಂತಗಳ ಪ್ರಕಾರ ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೇಸರ ತರಿಸುವ, ಪತ್ರಿಕೆಯಲ್ಲಿ ಫೋಟೊ ಬಾರದ ಕೆಲಸವಿದು. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯಲ್ಲಿ ಇದರಷ್ಟು ಬೆಲೆಯುಳ್ಳದ್ದು ಬೇರೊಂದಿಲ್ಲ, ಏಕೆಂದರೆ ಉಣುಗಿನಲ್ಲಿ ವೈರಸ್ ಸಿಕ್ಕ ಕಾಡು ಯಾವುದೆಂದು ತಿಳಿದರೆ ಮೊದಲ ಜ್ವರಕ್ಕೂ ಮುಂಚೆಯೇ ಆ ಊರಿಗೆ ಹೋಗಬಹುದು.

ಜ್ವರ ಬಂದ ಮೇಲಿನ ಕೆಲಸದಲ್ಲೂ ದಿನಗಳ ಲೆಕ್ಕವೇ ಮುಖ್ಯ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಇರುವಾಗ ಪಿಸಿಆರ್ ಪರೀಕ್ಷೆ, ನಂತರ ಪ್ರತಿಕಾಯಗಳು ಮೂಡಿದಾಗ ಎಲೈಸಾ ಪರೀಕ್ಷೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲದಿರುವುದರಿಂದ ನೀರಿನಂಶ, ರಕ್ತಸ್ರಾವ, ಪ್ಲೇಟ್‌ಲೆಟ್‌ಗಳ ಮೇಲೆ ನಿಗಾ ಇಡುವುದೇ ಚಿಕಿತ್ಸೆ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವ ಕಾಯಿಲೆಯಿದು.

ಇಲಾಖೆ ಎಡವಿದ್ದು ಲಸಿಕೆಯಲ್ಲಿ. ಫಾರ್ಮಲಿನ್‌ನಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಹಳೆಯ ಲಸಿಕೆ ಎರಡು ಡೋಸಿಗೆ ಶೇ. 62.4ರಷ್ಟು, ಬೂಸ್ಟರ್ ಸೇರಿದರೆ ಶೇ. 82.9ರಷ್ಟು ರಕ್ಷಣೆ ಕೊಡುತ್ತದೆಂದು 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಹೇಳಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರು, ಆಮೇಲೂ ವರ್ಷಕ್ಕೊಂದು. ಚುಚ್ಚಿದ ಜಾಗದ ನೋವೂ ಸಣ್ಣದಾಗಿರಲಿಲ್ಲ. ಒಮ್ಮೆ ಹಾಕಿಸಿಕೊಂಡವರು ಮರುವರ್ಷ ಕಣ್ಣಿಗೆ ಬೀಳದಿದ್ದರೆ ಅದನ್ನು ಅಜ್ಞಾನವೆಂದು ಜರೆಯುವುದು ಸುಲಭ; ಕೂಲಿ ಬಿಟ್ಟು ಬಂದು ನೋವು ತಿನ್ನುವ ಕೆಲಸ ಯಾರಿಗೂ ಪ್ರಿಯವಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ, ಸಾವಿನ ಸುದ್ದಿ ಬಂದ ಮೇಲೆ ಜನವರಿಯಲ್ಲಿ ಲಸಿಕೆ ಹಾಕಲು ಧಾವಿಸುತ್ತಿದ್ದುದು. ಎರಡನೆಯ ಡೋಸ್ ಮುಗಿದು ಮೈಯಲ್ಲಿ ಪ್ರತಿರೋಧ ಮೂಡುವಷ್ಟರಲ್ಲಿ ಮರಿ ಉಣುಗುಗಳ ಕಾಲವೇ ಅರ್ಧ ಕಳೆದಿರುತ್ತಿತ್ತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವುಗಳಾದ ಮೇಲೆ ಈ ಚರ್ಚೆ ಜೋರಾಯಿತು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು, ಹೊಸದನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿತು.

ಈ ನಡುವೆ ಕಾಯಿಲೆ ಸೊರಬದ ಗಡಿ ದಾಟಿ ಎಷ್ಟೋ ಕಾಲವಾಗಿದೆ. 1980ರ ದಶಕದ ಆರಂಭದಲ್ಲಿ ಕಾಡು ಕಡಿದು ಗೇರು ಬೆಳೆಸಲು ಹೊರಟ ಬೆಳ್ತಂಗಡಿಯ ಭಾಗದಲ್ಲಿ ಅದು ಭೀಕರವಾಗಿ ಕಾಣಿಸಿಕೊಂಡಿತು. 2012ರಲ್ಲಿ ಬಂಡೀಪುರದ ಕಡೆ, 2013ರಲ್ಲಿ ವಯನಾಡಿನಲ್ಲಿ, 2015ರಲ್ಲಿ ಗೋವಾದ ಸತ್ತರಿಯಲ್ಲಿ ಪತ್ತೆಯಾಯಿತು. ಲಸಿಕೆಯಿಲ್ಲದ ಈ ಅವಧಿಯಲ್ಲಿ ಇಲಾಖೆಯ ಕೈಯಲ್ಲಿ ಉಳಿದಿರುವುದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ ಡೆಪಾ ಎಣ್ಣೆ, ದನಗಳಿಗೆ ಉಣುಗಿನ ಔಷಧಿ, ಫ್ಲಾನೆಲ್ ಬಟ್ಟೆ ಮತ್ತು ಮೆಲಾಥಿಯಾನ್ ಪುಡಿ. ಎಣ್ಣೆ ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತುವುದಿಲ್ಲ, ಬೆವರಿದರೆ ಮತ್ತೆ ಹಚ್ಚಿಕೊಳ್ಳಬೇಕು. ಕಾಡಿಗೆ ಹೋಗಬೇಡಿ ಎಂಬ ಸಲಹೆಯನ್ನಂತೂ ಕರಪತ್ರಗಳಿಂದ ತೆಗೆದುಹಾಕುವುದು ಒಳ್ಳೆಯದು. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಬೇಕಾಗುವ ಕಾಲವೂ ಮರಿ ಉಣುಗಿನ ಕಾಲವೂ ಒಂದೇ ಆಗಿರುವಾಗ, ಎಣ್ಣೆಯ ಸೀಸೆ ನವೆಂಬರಿನೊಳಗೆ ಆ ಮನೆಗಳನ್ನು ತಲುಪಿದೆಯೇ ಎಂಬ ಲೆಕ್ಕವನ್ನು ತಾಲ್ಲೂಕು ಆರೋಗ್ಯಾಧಿಕಾರಿ ಮೊದಲು ಕೇಳಬೇಕು.