ಕದಲದ ಮೋಡ, ಉಕ್ಕುವ ನದಿ: ಬ್ರಿಸ್ಬೇನ್ ನೆರೆಯ ಹಿನ್ನೆಲೆ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಬ್ರಿಸ್ಬೇನ್ ಮುಳುಗಿದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಚಂಡಮಾರುತ ಎಷ್ಟು ದೊಡ್ಡದಿತ್ತು? ಬ್ರಿಸ್ಬೇನ್ ನದಿಗೆ ಊರಿನ ಮೇಲ್ಭಾಗದಲ್ಲಿ ಕಟ್ಟಿದ ವೈವನ್‌ಹೋ ಅಣೆಕಟ್ಟೆಯ ಗೇಟು ಎಷ್ಟು ಹೊತ್ತಿಗೆ ತೆಗೆದರು? 2011ರ ನೆರೆಯಿಂದೀಚೆಗೆ ತನಿಖಾ ಆಯೋಗ, ಕೋರ್ಟು, ಮೇಲ್ಮನವಿ, ಪರಿಹಾರ ಎಲ್ಲವೂ ಸೇರಿ ವಿಷಯ ಕಗ್ಗಂಟಾಗಿದೆ. ಅದನ್ನು ಬಿಡಿಸಲು ಹೊರಟರೆ ಗೇಟಿಗಿಂತ ಮೊದಲು ಆಕಾಶವನ್ನು ನೋಡಬೇಕು.

ಈ ಊರು ಇರುವುದು ದಕ್ಷಿಣ ಅಕ್ಷಾಂಶ 27.5 ಡಿಗ್ರಿಯಲ್ಲಿ, ಉಪೋಷ್ಣವಲಯದಲ್ಲಿ. ಬೇಸಿಗೆಯ ಕೊನೆಗೆ ಉತ್ತರದ ಮಾನ್ಸೂನ್ ಪಟ್ಟಿ ಒಮ್ಮೊಮ್ಮೆ ಇಲ್ಲಿಯವರೆಗೂ ಜಾರುತ್ತದೆ. ದಕ್ಷಿಣದಿಂದ, ಹತ್ತಾರು ಸಾವಿರ ಅಡಿ ಎತ್ತರದಲ್ಲಿ, ತಣ್ಣನೆಯ ಗಾಳಿಯ ಸುಳಿಗಳು ಬರುತ್ತವೆ. ದೊಡ್ಡ ನೆರೆ ಬರಬೇಕಾದರೆ ಮೂರು ಸಂಗತಿ ಒಟ್ಟಿಗೆ ಕೂಡಬೇಕು: ಸಮುದ್ರದಿಂದ ಒಂದೇ ಸಮನೆ ಬೀಸುವ ತೇವದ ಗಾಳಿ, ಅದನ್ನು ಮೇಲಕ್ಕೆತ್ತುವ ಶಕ್ತಿ, ಮತ್ತು ಇವೆರಡನ್ನೂ ಅಲ್ಲೇ ಹಿಡಿದು ನಿಲ್ಲಿಸುವ ತಡೆ. ಮೂರನೆಯದನ್ನೇ ಜನ ಮರೆಯುತ್ತಾರೆ, ಊರನ್ನು ಮುಳುಗಿಸುವುದೂ ಬಹುಮಟ್ಟಿಗೆ ಅದೇ.

ಆ ತಡೆ ಸಾಮಾನ್ಯವಾಗಿ ಟ್ಯಾಸ್ಮನ್ ಸಮುದ್ರದ ಮೇಲೆ ಕೂತ ಅಧಿಕ ಒತ್ತಡದ ವಲಯ. ದಕ್ಷಿಣಾರ್ಧಗೋಳದಲ್ಲಿ ಅಧಿಕ ಒತ್ತಡದ ಸುತ್ತ ಗಾಳಿ ಅಪ್ರದಕ್ಷಿಣವಾಗಿ ತಿರುಗುತ್ತದೆ, ಹಾಗಾಗಿ ಅದರ ಉತ್ತರದ ಅಂಚಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ನೇರ ಕರಾವಳಿಯ ಮೇಲೆ ಬೀಸುತ್ತದೆ. ಬೆಚ್ಚಗಿನ ಕೋರಲ್ ಸಮುದ್ರವನ್ನು ದಾಟಿ ಬಂದ ಆ ಗಾಳಿ ಡಾಗ್ವಿಲಾರ್ ಬೆಟ್ಟಸಾಲಿಗೆ ಬಡಿದು ಮೇಲೇರುತ್ತದೆ. ಮೇಲ್ಮಟ್ಟದ ಸುಳಿಯೂ ಆಗಲೇ ಬಂದು ನಿಂತಿದ್ದರೆ ಮಳೆ ದಿನಗಟ್ಟಲೆ ಕದಲುವುದಿಲ್ಲ. ಲಾ ನಿನಾ ವರ್ಷಗಳಲ್ಲಿ ಪಶ್ಚಿಮ ಪೆಸಿಫಿಕ್ ಬೆಚ್ಚಗಿರುವುದರಿಂದ ಇಂಥ ಕೂಟ ಹೆಚ್ಚು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹೊರಬಲ್ಲ ತೇವ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ ಎಂಬ ಭೌತಶಾಸ್ತ್ರವೂ ಈಗ ಲೆಕ್ಕಕ್ಕೆ ಸೇರಿದೆ.

1841ರಲ್ಲಿ ನದಿ 8.43 ಮೀಟರ್ ಏರಿತು. 1893ರ ಫೆಬ್ರವರಿಯಲ್ಲಿ ಮೂರು ನೆರೆ ಒಂದರ ಹಿಂದೊಂದು ಬಂದವು. ಕ್ರೋಹಮ್‌ಹರ್ಸ್ಟ್‌ನಲ್ಲಿ ಒಂದೇ ದಿನ 907 ಮಿ.ಮೀ. ಮಳೆ ಬಿತ್ತು, ನದಿ 8.35 ಮೀಟರ್ ಮುಟ್ಟಿತು, ವಿಕ್ಟೋರಿಯಾ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಆಮೇಲಿನ ಎಂಬತ್ತು ವರ್ಷ ಅಂಥ ನೆರೆಯಿಲ್ಲದೆ ಕಳೆದು ನೆನಪೂ ಮಾಸಿತು.

1974ರ ಜನವರಿಯಲ್ಲಿ ಬಂದ ವಾಂಡಾ ಚಂಡಮಾರುತ ಗಾಳಿಯ ಲೆಕ್ಕದಲ್ಲಿ ದುರ್ಬಲವಾಗಿತ್ತು. ಆದರೆ ದಡ ಸೇರಿ ಕರಗುವಾಗ ಅದು ಮಾನ್ಸೂನ್ ಪಟ್ಟಿಯನ್ನೇ ದಕ್ಷಿಣಕ್ಕೆ ಎಳೆದು ತಂದು ನದಿಯ ಜಲಾನಯನ ಪ್ರದೇಶದ ಮೇಲೆ ಕೂರಿಸಿತು. ನಗರದ ಮಾಪಕದಲ್ಲಿ ನೀರು 5.45 ಮೀಟರ್ ಮುಟ್ಟಿತು. ಆ ಗಾಯದ ನೆನಪಿನಲ್ಲೇ ವೈವನ್‌ಹೋ ಎದ್ದು, 1980ರ ದಶಕದ ಮಧ್ಯದಲ್ಲಿ ಕೆಲಸ ಶುರುಮಾಡಿತು.

ವೈವನ್‌ಹೋದಲ್ಲಿ ಎರಡು ಪಾತ್ರೆಗಳಿವೆ ಎಂದುಕೊಳ್ಳಿ. ಕೆಳಗಿನದು ಕುಡಿಯುವ ನೀರಿಗೆ, 11.65 ಲಕ್ಷ ಮೆಗಾಲೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 41 ಟಿಎಂಸಿ, ಕೆಆರ್‌ಎಸ್‌ಗಿಂತ ತುಸು ಕಡಿಮೆ. ಅದರ ಮೇಲೆ ನೆರೆಗೆಂದೇ ಖಾಲಿ ಬಿಡುವ ಜಾಗ, 2011ರ ಹೊತ್ತಿಗೆ ಸುಮಾರು 14.5 ಲಕ್ಷ ಮೆಗಾಲೀಟರ್, 51 ಟಿಎಂಸಿ. ಶೇಕಡಾವಾರು ಅಳೆಯುವುದು ಕೆಳಗಿನ ಪಾತ್ರೆಗೆ ಮಾತ್ರ. ಆದ್ದರಿಂದ ಸುದ್ದಿಯಲ್ಲಿ 'ಅಣೆಕಟ್ಟೆ ಶೇ. 190 ತುಂಬಿದೆ' ಎಂದು ಬಂದರೆ ಅದು ತಪ್ಪಲ್ಲ.

ಈಗ ಮಳೆಯ ಲೆಕ್ಕ. ಒಂದು ಚದರ ಕಿ.ಮೀ. ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಮೆಗಾಲೀಟರ್, ಅಂದರೆ ಹತ್ತು ಲಕ್ಷ ಲೀಟರ್. ಅಣೆಕಟ್ಟೆಯ ಮೇಲ್ಭಾಗದ ಜಲಾನಯನ ಸುಮಾರು 7,000 ಚದರ ಕಿ.ಮೀ. ಅದರ ಮೇಲಿನಿಂದ ಸರಾಸರಿ 207 ಮಿ.ಮೀ.ನಷ್ಟು ನೀರು ಹರಿದು ಬಂದರೆ ನೆರೆಯ ಜಾಗ ಮುಗಿಯಿತು. ಮಣ್ಣು ಒಣಗಿದ್ದರೆ ಅಷ್ಟು ಹರಿಯಲು ಬಹಳ ದೊಡ್ಡ ಮಳೆಯೇ ಬೇಕು. ವಾರಗಟ್ಟಲೆ ನೆನೆದ ಮಣ್ಣಾದರೆ ಬಿದ್ದದ್ದರಲ್ಲಿ ಬಹುಪಾಲು ನದಿಗೇ ಬರುತ್ತದೆ. ಇಡೀ ನದಿಯ ಜಲಾನಯನ ಸುಮಾರು 13,500 ಚದರ ಕಿ.ಮೀ. ಹೆಚ್ಚುಕಡಿಮೆ ಅರ್ಧ ಭಾಗ ಅಣೆಕಟ್ಟೆಯ ಕೆಳಗಿದೆ. ಅಲ್ಲಿ ಸೇರುವ ಲಾಕ್ಯರ್ ಹಳ್ಳ ಮತ್ತು ಬ್ರೆಮರ್ ನದಿಯ ನೀರನ್ನು ಈ ಕಟ್ಟೆ ತಡೆಯಲಾರದು.

2000ದ ದಶಕದ ಬರಗಾಲದಲ್ಲಿ, 2007ರಲ್ಲಿ, ಈ ಭಾಗದ ಅಣೆಕಟ್ಟೆಗಳು ಶೇ. 17ಕ್ಕೆ ಇಳಿದಿದ್ದವು. ತಲೆಗೆ ದಿನಕ್ಕೆ 140 ಲೀಟರ್ ಎಂಬ ಗುರಿ ಇಟ್ಟುಕೊಂಡು ಊರು ಬದುಕಿತು. ಆ ದಿನಗಳನ್ನು ಕಂಡವರಿಗೆ ತುಂಬಿದ ಕೆರೆಯಿಂದ ನೀರು ಹೊರಬಿಡುವ ಮಾತು ಎಷ್ಟು ಕಠಿಣ ಎಂಬುದನ್ನು ಮರೆತು 2011ರ ಬಗ್ಗೆ ಮಾತಾಡುವುದು ನ್ಯಾಯವಲ್ಲ.

2010ರ ಡಿಸೆಂಬರ್, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ಡಿಸೆಂಬರ್. ಪ್ರಬಲ ಲಾ ನಿನಾ, ನೆನೆದ ಮಣ್ಣು, ತುಂಬಿದ ಕೆಳಗಿನ ಪಾತ್ರೆ. 2011ರ ಜನವರಿ 10ರಂದು ಟೂವೂಂಬಾದ ಬೆಟ್ಟದಂಚಿನಲ್ಲಿ ಮಳೆ ಸುರಿದು ನೀರು ಲಾಕ್ಯರ್ ಕಣಿವೆಯ ಗ್ರಾಂಥಮ್ ಊರಿಗೇ ನುಗ್ಗಿತು. ಆ ನೆರೆಯಲ್ಲಿ ವೈವನ್‌ಹೋಗೆ ಬಂದ ಒಟ್ಟು ಒಳಹರಿವು ಸುಮಾರು 26 ಲಕ್ಷ ಮೆಗಾಲೀಟರ್, ನೆರೆಯ ಜಾಗಕ್ಕಿಂತ ಎಷ್ಟೋ ಹೆಚ್ಚು. ನಿರ್ವಹಣಾ ಕೈಪಿಡಿಯ ಪ್ರಕಾರ ಊರಿನೊಳಗಿನ ಹರಿವನ್ನು ಸೆಕೆಂಡಿಗೆ 4,000 ಘನ ಮೀಟರ್ ಮೀರದಂತೆ ನೋಡಿಕೊಳ್ಳಬೇಕು. ಆದರೆ ಕೆರೆಯ ಮಟ್ಟ ಸಮುದ್ರಮಟ್ಟದಿಂದ 74 ಮೀಟರ್ ದಾಟುವ ಲಕ್ಷಣ ಕಂಡರೆ ಕಟ್ಟೆ ಉಳಿಸುವುದೇ ಮೊದಲ ಕೆಲಸ. ಇದು ಮಣ್ಣು-ಬಂಡೆಯ ಕಟ್ಟೆ, ನೀರು ಮೇಲೆ ಹತ್ತಿ ಹರಿದರೆ ಕೊರೆದುಹೋಗುತ್ತದೆ. ಜನವರಿ 11ರಂದು ಹೊರಹರಿವು ಸೆಕೆಂಡಿಗೆ ಸುಮಾರು 7,500 ಘನ ಮೀಟರ್ ಮುಟ್ಟಿತು, ಅಂದರೆ 2.6 ಲಕ್ಷ ಕ್ಯುಸೆಕ್. ಗೇಟಿನ ನೀರು ನಗರಕ್ಕೆ ತಲುಪಲು ಒಂದು, ಒಂದೂವರೆ ದಿನ ಬೇಕು. ಮುನ್ಸೂಚನೆ ಅಷ್ಟು ಮೊದಲೇ ಸರಿಯಿದ್ದರೆ ಮಾತ್ರ ಬೇಗ ಬಿಡುವುದು ಉಪಕಾರ. ತಪ್ಪಿದರೆ ಕೆಳಗಿನ ಉಪನದಿಗಳ ನೆರೆಯ ಮೇಲೆ ಇನ್ನೊಂದು ನೆರೆ ಹೇರಿದಂತೆ.

13ರಂದು ನಗರದಲ್ಲಿ ನದಿ 4.46 ಮೀಟರಿಗೆ ಏರಿತು. 2019ರಲ್ಲಿ ಕೋರ್ಟೊಂದು ನಿರ್ವಹಣೆಯಲ್ಲಿ ಲೋಪ ಕಂಡಿತು. 2021ರಲ್ಲಿ ಮೇಲ್ಮನವಿಯಲ್ಲಿ, ಮೇಲ್ಮನವಿ ಹೋದವರ ಮಟ್ಟಿಗೆ, ಆ ತೀರ್ಪು ತಿರುಗಿತು. ಕಟ್ಟೆಯ ನಂತರ ಮನೆ ಕಟ್ಟಲು ನಗರ ಇಟ್ಟುಕೊಂಡಿದ್ದ ನೆರೆಮಟ್ಟ 3.7 ಮೀಟರ್ ಎಂಬುದು ಈ ಗದ್ದಲದಲ್ಲಿ ಹಿಂದೆ ಸರಿದುಹೋಯಿತು.

2022ರ ಫೆಬ್ರವರಿ ಕೊನೆಯಲ್ಲಿ ಚಂಡಮಾರುತವೇ ಇರಲಿಲ್ಲ. ಕರಾವಳಿಗೆ ಅಂಟಿದ ಒತ್ತಡ ಕುಸಿತದ ಪಟ್ಟಿ, ಮೇಲ್ಮಟ್ಟದ ಸುಳಿ, ಪೂರ್ವದಲ್ಲಿ ಜಗ್ಗದ ಅಧಿಕ ಒತ್ತಡ, ಇಷ್ಟೇ. ನಗರದಲ್ಲಿ ಮೂರು ದಿನಕ್ಕೆ 676.8 ಮಿ.ಮೀ. ಬಿತ್ತು, 1974ಕ್ಕಿಂತಲೂ ಹೆಚ್ಚು. ವೈವನ್‌ಹೋ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ತುಂಬಿತ್ತು, ಸಾಕಷ್ಟು ನೀರು ಹಿಡಿಯಿತು. ಆದರೂ ಕಟ್ಟೆಯ ಕೆಳಗೇ ಬಿದ್ದ ಮಳೆಗೆ ಮೊದಲು ಎನೊಗೆರಾ, ಕೆಡ್ರನ್‌ನಂಥ ಹಳ್ಳಗಳು ಉಕ್ಕಿದವು, ಆಮೇಲೆ ನದಿ 3.85 ಮೀಟರ್ ಏರಿತು. ಅದೇ ಮಳೆ ದಕ್ಷಿಣಕ್ಕೆ ಸರಿದು ಲಿಸ್ಮೋರ್‌ನಲ್ಲಿ ನದಿಯನ್ನು 14.4 ಮೀಟರಿಗೆ ಎತ್ತಿತು; ಅಲ್ಲಿನ ಹಿಂದಿನ ದಾಖಲೆ 12.27.

2011ರಲ್ಲಿ ದೊಡ್ಡ ಮಳೆಯಿಲ್ಲದ ಬೀದಿಗಳಲ್ಲೂ ನದಿ ನೀರು ಮಳೆಚರಂಡಿಯ ಕೊಳವೆಯಲ್ಲಿ ಹಿಂದಕ್ಕೆ ಹರಿದು ಉಕ್ಕಿತ್ತು. ಆಮೇಲೆ ಹಲವೆಡೆ ಕೊಳವೆಯ ಬಾಯಿಗೆ ಒಂದೇ ದಿಕ್ಕಿಗೆ ತೆರೆಯುವ ಕವಾಟ ಹಾಕಿದರು. ಅದಕ್ಕೂ ಮಿತಿಯಿದೆ. ನದಿ ಏರಿದಾಗ ಕವಾಟ ಮುಚ್ಚುತ್ತದೆ, ಆಗ ಬೀದಿಯ ಮಳೆನೀರಿಗೂ ದಾರಿಯಿಲ್ಲ. ಕೊಂಬೆಯೊಂದು ಸಿಕ್ಕಿಕೊಂಡರೆ ಮುಚ್ಚುವುದೇ ಇಲ್ಲ. ಊರ ಮೇಲೆಯೇ ಮಳೆ ಬೀಳುವ 2022ರಂಥ ನೆರೆಗೆ ಇದು ಅರ್ಧ ಉತ್ತರ.

2025ರ ಮಾರ್ಚಿನಲ್ಲಿ ಆಲ್ಫ್ರೆಡ್ ಚಂಡಮಾರುತ ನಿಧಾನಕ್ಕೆ ಬಂದು, ದುರ್ಬಲಗೊಂಡು ದಡ ಸೇರಿತು. ಆಮೇಲೆ ನಗರದಲ್ಲಿ ಒಂದೇ ದಿನ 275 ಮಿ.ಮೀ. ಸುರಿದು ಹಳ್ಳಗಳು ಉಕ್ಕಿದವು. ನದಿ ಮಾತ್ರ ಹಿಂದಿನ ಎರಡು ನೆರೆಗಳ ಹತ್ತಿರಕ್ಕೂ ಬರಲಿಲ್ಲ.

ಈ ಊರಿನ ಹಳೆಯ ಮರದ ಮನೆಗಳು ಕಂಬಗಳ ಮೇಲೆ ನಿಂತಿದ್ದವು, ಅಡಿಭಾಗ ಖಾಲಿ. ನೀರು ಬಂದರೆ ಕೆಳಗೆ ಹರಿದುಹೋಗುತ್ತಿತ್ತು, ಗಟ್ಟಿ ಮರ ಒಣಗುತ್ತಿತ್ತು. ಕಟ್ಟೆಯ ಭರವಸೆಯ ದಶಕಗಳಲ್ಲಿ ಆ ಅಡಿಭಾಗಕ್ಕೆ ಜಿಪ್ಸಮ್ ಹಲಗೆ ಬಡಿದು ಕೋಣೆ ಮಾಡಿಕೊಂಡವರು ಬಹಳ. ಜಿಪ್ಸಮ್ ನೀರು ಹೀರಿ ಉಬ್ಬುತ್ತದೆ, ಕಿತ್ತೇ ಎಸೆಯಬೇಕು. 2022ರ ನಂತರ 74.1 ಕೋಟಿ ಆಸ್ಟ್ರೇಲಿಯನ್ ಡಾಲರಿನ ಸರ್ಕಾರಿ ನಿಧಿ ಮನೆ ಎತ್ತರಿಸಲು, ನೀರು ತಾಳುವ ಸಾಮಗ್ರಿ ಹಾಕಲು ಹಣ ಕೊಟ್ಟಿತು. ತೀರ ತಗ್ಗಿನ ಮನೆಗಳನ್ನು, ಮಾಲೀಕರು ಒಪ್ಪಿದರೆ, ಕೊಂಡು ಕೆಡವಿ ಜಾಗವನ್ನು ಬಯಲಾಗಿ ಬಿಟ್ಟಿತು.