ಸಂತ ಮಾರ್ಟಿನ್ ದಿನ: ಅರ್ಧ ಮೇಲಂಗಿ, ಹೆಬ್ಬಾತು ಮತ್ತು ಕಾಗದದ ಲಾಟೀನು

ಯುರೋಪಿನ ಮಧ್ಯಯುಗದ ಹಬ್ಬಗಳನ್ನು ಓದುವಾಗ ನವೆಂಬರ್ 11 ಮತ್ತೆ ಮತ್ತೆ ಎದುರಾಗುತ್ತದೆ. ಅದು ಸಂತ ಮಾರ್ಟಿನ್‌ನ ದಿನ. ಮೊದಲು ಅವನ ಕಥೆ ನೋಡೋಣ.

ಮಾರ್ಟಿನ್ 4ನೇ ಶತಮಾನದ ರೋಮನ್ ಸೈನಿಕ. ಈಗಿನ ಫ್ರಾನ್ಸಿನ ಅಮಿಯೆನ್ ಊರ ಬಾಗಿಲಲ್ಲಿ, ಕೊರೆಯುವ ಚಳಿಯಲ್ಲಿ, ಮೈಮೇಲೆ ಬಟ್ಟೆಯಿಲ್ಲದ ಭಿಕ್ಷುಕನೊಬ್ಬ ಕಂಡನಂತೆ. ಮಾರ್ಟಿನ್ ಕತ್ತಿಯಿಂದ ತನ್ನ ಮೇಲಂಗಿಯನ್ನು ಎರಡು ಮಾಡಿ, ಅರ್ಧ ಅವನಿಗೆ ಹೊದಿಸಿದನಂತೆ. ಮುಂದೆ ಅವನು ತೂರ್ ಊರಿನ ಬಿಷಪ್ ಆದ. 397ರಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ದಿನವೇ ನವೆಂಬರ್ 11. ಆ ಮೇಲಂಗಿ ಎಂದು ನಂಬಿದ ಬಟ್ಟೆಯನ್ನು ಮುಂದೆ ಆ ಭಾಗ ಆಳಿದ ಫ್ರಾಂಕ್ ರಾಜರು ಜೋಪಾನವಾಗಿ ಇಟ್ಟುಕೊಂಡಿದ್ದರು. ಲ್ಯಾಟಿನ್‌ನಲ್ಲಿ ಅದು 'ಕಪೆಲ್ಲಾ', ಅಂದರೆ ಪುಟ್ಟ ಮೇಲಂಗಿ. ಅದನ್ನಿಟ್ಟ ಜಾಗಕ್ಕೂ ಅದೇ ಹೆಸರು ಅಂಟಿಕೊಂಡಿತು. 'ಚಾಪೆಲ್' (ಪುಟ್ಟ ಪ್ರಾರ್ಥನಾ ಮಂದಿರ) ಪದ ಹುಟ್ಟಿದ್ದು ಹೀಗೆ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಆದರೆ ರೈತರ ಮನೆಯಲ್ಲಿ ಈ ದಿನ ದೊಡ್ಡದಾಗಿದ್ದು ಸುಮ್ನೆ ಕಥೆಯಿಂದಲ್ಲ. ಆ ಹೊತ್ತಿಗೆ ಸುಗ್ಗಿ ಮುಗಿದು ಕಣಜ ತುಂಬಿರುತ್ತಿತ್ತು. ಹೊಸ ವೈನ್ ರುಚಿ ನೋಡುವ ಸಮಯ. ಚಳಿಗಾಲ ಪೂರ್ತಿ ಎಲ್ಲ ದನಗಳಿಗೂ ಮೇವು ಸಾಲುತ್ತಿರಲಿಲ್ಲ. ಕೆಲವನ್ನು ಕಡಿದು, ಮಾಂಸಕ್ಕೆ ಉಪ್ಪು ಹಾಕಿ ಇಡುತ್ತಿದ್ದರು. ಗೇಣಿ ಕೊಡುವ, ಆಳುಗಳು ಬೇರೆ ಮನೆಗೆ ಕೆಲಸಕ್ಕೆ ಸೇರುವ ದಿನವೂ ಅನೇಕ ಕಡೆ ಇದೇ ಆಗಿತ್ತು. ಜೊತೆಗೆ ಉಪವಾಸ. ಮಾರ್ಟಿನ್ ದಿನದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಮಾಡಬೇಕೆಂದು 6ನೇ ಶತಮಾನದಲ್ಲೇ ಫ್ರಾನ್ಸಿನ ಮಾಕೋನ್ ಊರಿನ ಚರ್ಚ್ ಸಭೆ ಹೇಳಿತ್ತು. ಅದಕ್ಕೆ ಮುಂಚೆ ಒಂದು ಗಡದ್ದು ಊಟ ಬೇಕೇ ಬೇಕು ಅಲ್ವಾ? ಆ ಊಟಕ್ಕೆ ಹೆಬ್ಬಾತು. ಬಿಷಪ್ ಆಗಲು ಒಲ್ಲದ ಮಾರ್ಟಿನ್ ಹೆಬ್ಬಾತುಗಳ ನಡುವೆ ಅಡಗಿದಾಗ, ಅವು ಕೂಗಿ ಹಿಡಿದುಕೊಟ್ಟವು ಎಂಬ ಕಥೆಯೂ ಇದಕ್ಕೆ ಸೇರಿಕೊಂಡಿದೆ.

ಈಗ ಲಾಟೀನು. ಇವತ್ತು ಜರ್ಮನಿಯಲ್ಲಿ ಮಕ್ಕಳು ಸಂಜೆ ಕಾಗದದ ಲಾಟೀನು ಹಿಡಿದು ಹಾಡುತ್ತಾ ನಡೆಯುತ್ತಾರೆ. ಎಷ್ಟೋ ಕಡೆ ಮಾರ್ಟಿನ್ ವೇಷದ, ಕೆಂಪು ಮೇಲಂಗಿಯ ಕುದುರೆ ಸವಾರ ಮುಂದೆ ಇರುತ್ತಾನೆ. ಇದನ್ನು ನೋಡಿ ಲಾಟೀನೂ ಮಧ್ಯಯುಗದ್ದೇ ಎಂದುಕೊಳ್ಳಬೇಡಿ. ಜರ್ಮನಿಯ ಮೊದಲ ಕಾಗದದ ಗಿರಣಿ ನ್ಯೂರೆಂಬರ್ಗ್‌ನಲ್ಲಿ ಶುರುವಾದದ್ದೇ 1390ರಲ್ಲಿ. ಚಿಂದಿ ಬಟ್ಟೆಯನ್ನು ಜಜ್ಜಿ ಮಾಡುತ್ತಿದ್ದ ಆ ಕಾಗದ ಮಕ್ಕಳ ಕೈಗೆ ಕೊಡುವಷ್ಟು ಅಗ್ಗವಿರಲಿಲ್ಲ. ಹಬ್ಬ ಹಳೆಯದು, ಕಾಗದದ ಕೆಲಸ ಈಚಿನದು. ಸ್ವಿಟ್ಜರ್ಲೆಂಡಿನ ಕೆಲವು ಊರುಗಳಲ್ಲಿ ನವೆಂಬರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುವ ರೂಢಿ ಇನ್ನೂ ಇದೆ.

ಮಾಡಿ ನೋಡುವವರಿಗೆ: ಆಕಾಶಬುಟ್ಟಿ ಕಟ್ಟಿದ ಕೈಗೆ ಕಾಗದದ ಲಾಟೀನು ಸುಲಭ. ಸುಮಾರು 20 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಡ್ರಾಯಿಂಗ್ ಹಾಳೆಗೆ ಹಳದಿ, ಕೆಂಪು ಜಲವರ್ಣ ಬಳಿಯಿರಿ. ಚೆನ್ನಾಗಿ ಒಣಗಿದ ಮೇಲೆ ಹತ್ತಿಯಿಂದ ಅಡುಗೆ ಎಣ್ಣೆ ತೆಳ್ಳಗೆ ಸವರಿ. ಎಣ್ಣೆ ಕಾಗದದ ಎಳೆಗಳ ನಡುವಿನ ಸಂದು ತುಂಬುವುದರಿಂದ ಬೆಳಕು ಹಾಯುತ್ತದೆ. ಅಂಟಿಸುವ ಅಂಚಿಗೆ ಮಾತ್ರ ಎಣ್ಣೆ ತಾಗಿಸಬೇಡಿ, ಗೋಂದು ಹಿಡಿಯುವುದಿಲ್ಲ. ಕೊಳವೆಯಂತೆ ಸುತ್ತಿ, ತಳಕ್ಕೆ ದುಂಡನೆಯ ರಟ್ಟು ಅಂಟಿಸಿ, ತಂತಿಯಿಂದ ಕೋಲಿಗೆ ಕಟ್ಟಿ. ಎಣ್ಣೆ ಹಚ್ಚಿದ ಕಾಗದ ಬೇಗ ಹೊತ್ತಿಕೊಳ್ಳುತ್ತದೆ. ಒಳಗೆ ಮೇಣದಬತ್ತಿ ಬೇಡ, ಬ್ಯಾಟರಿಯ ಪುಟ್ಟ ದೀಪ ಇಡಿ.